ಡ್ರೈ ಸಂಪ್ ಪಂಪಿಗೆ ಎಷ್ಟು ಸ್ಟೇಜ್ ಬೇಕು?

ಪ್ರಶ್ನೆ: ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್ ಇರುವ ನನ್ನ ಟ್ರ್ಯಾಕ್ ಕಾರಿಗೆ ಡ್ರೈ ಸಂಪ್ ಕೂರಿಸಬೇಕೆಂದಿದ್ದೇನೆ. ಮೂರು ಸ್ಟೇಜಿನ ಪಂಪ್ ಸಾಕೇ, ನಾಲ್ಕು ಸ್ಟೇಜಿನದೇ ಬೇಕೇ? ಉಳಿದ ಭಾಗಗಳನ್ನು ಹೇಗೆ ಆರಿಸಲಿ?

ಉತ್ತರ: ಡ್ರೈ ಸಂಪ್ ಅಂದರೆ ಆಯಿಲನ್ನು ಎಂಜಿನ್ನಿನ ಕೆಳಗಿನ ಪ್ಯಾನಿನಲ್ಲಿ ನಿಲ್ಲಿಸದೆ ಹೊರಗಿನ ಟ್ಯಾಂಕಿನಲ್ಲಿ ಇಡುವ ವ್ಯವಸ್ಥೆ; ಅದರ ಪಂಪಿನ ಒಂದೊಂದು ವಿಭಾಗವೇ ಒಂದು ಸ್ಟೇಜ್. ಟರ್ಬೊ ಎತ್ತರದಲ್ಲಿದ್ದು ಅದರ ಆಯಿಲ್ ತಾನಾಗಿ ಪ್ಯಾನಿಗೆ ಇಳಿಯುವಂತಿದ್ದರೆ ಮೂರು ಸಾಕು. ಕೆಳಗಿದ್ದರೆ ನಾಲ್ಕು ಬೇಕು: ಎಂಜಿನ್ನಿಗೆ ಆಯಿಲ್ ಒತ್ತಿ ಕಳಿಸಲು ಒಂದು ಪ್ರೆಶರ್ ಸ್ಟೇಜ್, ಪ್ಯಾನಿನಿಂದ ಹೀರಲು ಎರಡು ಸ್ಕ್ಯಾವೆಂಜ್ ಸ್ಟೇಜ್, ಟರ್ಬೊಗೆ ಇನ್ನೊಂದು. ಆದರೆ ಪಂಪನ್ನೇ ಮೊದಲು ಕೊಂಡುಬಿಡಬೇಡಿ. ಎಂಜಿನ್ನಿಗೆ ಆಯಿಲ್ ಕಳಿಸುವುದು ಸುಲಭ, ಅದನ್ನು ಹಿಂದಕ್ಕೆ ತರುವುದು ಕಷ್ಟ. ಭಾಗಗಳನ್ನು ಆರಿಸುವಾಗ ಈ ಕಷ್ಟದ ಕಡೆಯಿಂದಲೇ ಶುರು ಮಾಡಬೇಕು.

ಸಾಮಾನ್ಯ ಎಂಜಿನ್ನಿನಲ್ಲಿ ಆಯಿಲ್ ಕೆಳಗಿನ ಪ್ಯಾನಿನಲ್ಲೇ ನಿಂತಿರುತ್ತದೆ. ತಿರುವಿನಲ್ಲಿ ಕಾರಿನ ಮೇಲೆ 1 ಜಿ ಬಲ (ಗುರುತ್ವದಷ್ಟೇ ಬಲ) ಬಿದ್ದರೆ ಆಯಿಲಿನ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಹೀರು ಕೊಳವೆಯ ಬಾಯಿ ಬರಿದಾಗಿ ಪಂಪ್ ಗಾಳಿ ಎಳೆಯುತ್ತದೆ. ಬೇರಿಂಗಿನ ಸಂದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು. ಅಲ್ಲಿನ ಆಯಿಲ್ ಪದರ ಕ್ಷಣಹೊತ್ತು ಕಡಿದುಹೋದರೂ ಲೋಹಕ್ಕೆ ಲೋಹ ಉಜ್ಜುತ್ತದೆ. ಡ್ರೈ ಸಂಪ್‌ನಲ್ಲಿ ಕೆಳಗೆ ಬಿದ್ದ ಆಯಿಲನ್ನು ನಿಲ್ಲಲು ಬಿಡದೆ ಸ್ಕ್ಯಾವೆಂಜ್ ಸ್ಟೇಜ್‌ಗಳು ಹೀರಿ ಹೊರಗಿನ ಟ್ಯಾಂಕಿಗೆ ಕಳಿಸುತ್ತವೆ. ಪ್ರೆಶರ್ ಸ್ಟೇಜ್ ಆ ಟ್ಯಾಂಕಿನಿಂದ ತೆಗೆದುಕೊಳ್ಳುತ್ತದೆ.

ಹಾಗೆ ಹಿಂದಕ್ಕೆ ಬರುವುದು ಬರಿಯ ಆಯಿಲ್ ಅಲ್ಲ, ನೊರೆ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಕಡೆದ ಆಯಿಲಿಗೆ ಪಿಸ್ಟನ್ ರಿಂಗ್ ದಾಟಿ ನುಸುಳಿದ ಗ್ಯಾಸೂ ಸೇರಿರುತ್ತದೆ. ಅದಕ್ಕೇ ಸ್ಕ್ಯಾವೆಂಜ್ ಸ್ಟೇಜ್‌ಗಳ ಒಟ್ಟು ಸಾಮರ್ಥ್ಯ ಪ್ರೆಶರ್ ಸ್ಟೇಜಿನ ಎರಡರಿಂದ ಮೂರು ಪಟ್ಟು ಇರಬೇಕು ಎನ್ನುವುದು ವಾಡಿಕೆ. ಅದು ಸಾಲದಾದರೆ ಆಯಿಲೆಲ್ಲ ಪ್ಯಾನಿನಲ್ಲಿ ಉಳಿದು, ಟ್ಯಾಂಕ್ ಬರಿದಾಗಿ, ಪ್ರೆಶರ್ ಸ್ಟೇಜ್ ಗಾಳಿ ಹೀರತೊಡಗುತ್ತದೆ. ಯಾವ ತೊಂದರೆ ತಪ್ಪಿಸಲು ಇಷ್ಟು ಖರ್ಚು ಮಾಡಿದಿರೋ ಅದೇ ಮತ್ತೆ ಎದುರಾಗುತ್ತದೆ.

ಒಂದು ಸ್ಟೇಜ್ ಉಳಿಸಲು ಪ್ಯಾನಿನ ಎರಡು ಹೀರು ಬಾಯಿಗಳನ್ನು ಕವಲು ಪೈಪಿನಿಂದ ಸೇರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬ್ರೇಕ್ ಒತ್ತಿದಾಗ ಆಯಿಲ್ ಮುಂದಕ್ಕೆ ಹೋಗಿ ಹಿಂದಿನ ಬಾಯಿ ತೆರೆದುಕೊಳ್ಳುತ್ತದೆ. ಪಂಪಿಗೆ ಗಾಳಿ ಎಳೆಯುವುದು ಸುಲಭ, ಆದ್ದರಿಂದ ಮುಂದಿನ ಬಾಯಿ ಆಯಿಲಿನಲ್ಲಿ ಮುಳುಗಿದ್ದರೂ ಅಲ್ಲಿಂದ ಏನೂ ಬರುವುದಿಲ್ಲ. ಪ್ರತಿ ಬಾಯಿಗೂ ತನ್ನದೇ ಸ್ಟೇಜ್ ಇರಲಿ. ಹಾಗೆಂದು ಸ್ಟೇಜ್‌ಗಳ ಎಣಿಕೆಯೇ ಎಲ್ಲವೂ ಅಲ್ಲ. 2006ರ ಶೆವ್ರೊಲೆ ಕಾರ್ವೆಟ್ ಜೆಡ್06ರ ಎಲ್‌ಎಸ್7 ಎಂಜಿನ್ನಿಗೆ ಕಾರ್ಖಾನೆಯಿಂದ ಬಂದದ್ದು ಎರಡೇ ಸ್ಟೇಜಿನ ಪಂಪ್.

ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಡುವುದು ಟ್ಯಾಂಕಿಗೆ. ಪಂಪ್ ನಿಮಿಷಕ್ಕೆ 40 ಲೀಟರ್ ಹರಿಸುತ್ತಿದ್ದು ಟ್ಯಾಂಕಿನಲ್ಲಿ 5 ಲೀಟರ್ ಇದ್ದರೆ, ಆಯಿಲಿಗೆ ಅಲ್ಲಿ ಸಿಗುವ ಸಮಯ ಏಳೂವರೆ ಸೆಕೆಂಡ್. ಅಷ್ಟರೊಳಗೆ ನೊರೆ ಒಡೆಯಬೇಕು. ಆದ್ದರಿಂದ ಅಡ್ಡಕ್ಕಿಂತ ಎತ್ತರ ಹೆಚ್ಚಿರುವ, ಉರುಟಾದ ಟ್ಯಾಂಕ್ ಆರಿಸಿ. ಮರಳುವ ಪೈಪ್ ಮೇಲ್ಭಾಗದಲ್ಲಿ, ಆಯಿಲ್ ಮಟ್ಟಕ್ಕಿಂತ ಮೇಲೆ, ಗೋಡೆಗೆ ಓರೆಯಾಗಿ ಸೇರಿರಬೇಕು. ಆಗ ಆಯಿಲ್ ಸುತ್ತುತ್ತ ಗೋಡೆ ಹಿಡಿದು ಇಳಿಯುತ್ತದೆ, ಗಾಳಿ ನಡುವಿನಿಂದ ಮೇಲೆದ್ದು ಬ್ರೀದರ್ (ಗಾಳಿ ಹೊರಹೋಗುವ ಕಿಂಡಿ) ಮೂಲಕ, ಜೊತೆಗೆ ಬಂದ ಆಯಿಲ್ ಹನಿ ಹಿಡಿಯುವ ಕ್ಯಾಚ್ ಕ್ಯಾನಿಗೆ ಹೋಗುತ್ತದೆ. ಒಳಗೆ ತೂತುಗಳಿರುವ ಅಡ್ಡ ತಟ್ಟೆಗಳಿವೆಯೇ ನೋಡಿ. ಟ್ಯಾಂಕನ್ನು ಪೂರ್ತಿ ತುಂಬಬೇಡಿ. ಮೇಲಿನ ಮೂರನೇ ಒಂದು ಭಾಗವಾದರೂ ಖಾಲಿ ಇರಲಿ.

ಟ್ಯಾಂಕಿನಿಂದ ಪಂಪಿಗೆ ಬರುವ ಹೋಸ್ ಎಲ್ಲಕ್ಕಿಂತ ದಪ್ಪ, ಎಲ್ಲಕ್ಕಿಂತ ಗಿಡ್ಡ ಇರಬೇಕು. ಅಲ್ಲಿ ಆಯಿಲನ್ನು ದೂಡುವುದು ವಾತಾವರಣದ ಒತ್ತಡ ಮತ್ತು ಅದರದೇ ಭಾರ ಮಾತ್ರ. ಎಎನ್ ಅಳತೆಯ ಸಂಖ್ಯೆ ಇಂಚಿನ ಹದಿನಾರನೇ ಭಾಗಗಳ ಲೆಕ್ಕ, ಅಂದರೆ ಎಎನ್-16 ಒಂದು ಇಂಚು, ಎಎನ್-12 ಮುಕ್ಕಾಲು ಇಂಚು. ಈ ಹೋಸಿಗೆ 16 ಇಟ್ಟರೆ ಸ್ಕ್ಯಾವೆಂಜ್‌ಗೆ ಸಾಮಾನ್ಯವಾಗಿ 12 ಸಾಕು. ಹೀರುವ ಕಡೆ ಮೆತ್ತನೆಯ ಹೋಸ್ ಒಳಕ್ಕೆ ಕುಸಿಯುತ್ತದೆ, ಒಳಗೆ ತಂತಿಯ ಬಲವಿರುವುದನ್ನೇ ಕೊಳ್ಳಿ. ಪ್ರತಿ ಸ್ಕ್ಯಾವೆಂಜ್ ಬಾಯಿಗೂ ಒಂದು ಜಾಲರಿ ಇರಲಿ, ಸಣ್ಣ ಕಣ್ಣಿನ ಫಿಲ್ಟರ್ ಮಾತ್ರ ಪ್ರೆಶರ್ ಸ್ಟೇಜ್ ದಾಟಿದ ಮೇಲೆ.

ಆಯಿಲ್ ತಣಿಸುವ ಕೂಲರನ್ನು ಮಾತ್ರ ಹೊಸದಾಗಿಯೇ ಕೊಳ್ಳಿ. ಬೇರಿಂಗ್ ಹೋದ ಎಂಜಿನ್ನಿನ ಲೋಹದ ಚೂರುಗಳು ಹಳೆಯ ಕೂಲರಿನ ಸಂದಿಗಳಲ್ಲಿ ಅಡಗಿರುತ್ತವೆ. ಎಷ್ಟು ತೊಳೆದರೂ ನನಗೆ ನಂಬಿಕೆ ಬರುವುದಿಲ್ಲ.

ಪಂಪಿನ ಪುಲ್ಲಿ ಬಹಳಷ್ಟು ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಸುಮಾರು ಅರ್ಧ ವೇಗದಲ್ಲಿ ತಿರುಗುವಂತಿರುತ್ತದೆ. ತಯಾರಕರು ಹೇಳಿದ ಗರಿಷ್ಠ ವೇಗ ಮೀರದ ಅಳತೆ ಆರಿಸಿ. ಹಲ್ಲಿನ ಬೆಲ್ಟ್ ಕಲ್ಲು ತಗುಲಿ ಕಳಚಿದರೆ ಒತ್ತಡವೇ ಇಲ್ಲ, ಆದ್ದರಿಂದ ಬೆಲ್ಟಿಗೊಂದು ಮರೆ, ಆಯಿಲ್ ಒತ್ತಡ ಕುಸಿದೊಡನೆ ಎಂಜಿನ್ ನಿಲ್ಲಿಸುವ ಸ್ವಿಚ್ ಎರಡೂ ಬೇಕು. ಹಳೆಯ ಪಂಪ್ ತೆಗೆದಮೇಲೆ ಅದರ ದಾರಿಗಳನ್ನು ಮುಚ್ಚುವುದು ಮರೆಯಬೇಡಿ.

ಎಲ್ಲ ಜೋಡಿಸಿಯಾದ ಮೇಲೆ ನೇರವಾಗಿ ಸ್ಟಾರ್ಟ್ ಮಾಡಬೇಡಿ. ಬೆಲ್ಟ್ ಬಿಚ್ಚಿ, ಡ್ರಿಲ್ಲಿನಿಂದ ಪಂಪನ್ನು ಅದರ ಸರಿಯಾದ ದಿಕ್ಕಿಗೇ ತಿರುಗಿಸಿ, ಗೇಜಿನ ಮುಳ್ಳು ಏರುವುದನ್ನು ನೋಡಿ. ಟ್ಯಾಂಕಿನ ಮಟ್ಟವನ್ನು ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗಲೇ ಅಳೆಯಿರಿ. ನಿಂತ ಕಾರಿನಲ್ಲಿ ಆಯಿಲ್ ಮೆಲ್ಲಗೆ ಪ್ಯಾನಿಗೆ ಇಳಿದಿರುತ್ತದೆ; ಆಗ ಕಡಿಮೆಯಿದೆ ಎಂದು ಇನ್ನಷ್ಟು ಸುರಿದರೆ ಓಡುವಾಗ ಅದು ಬ್ರೀದರಿನಿಂದ ಹೊರಬರುತ್ತದೆ.