ವೆಂಟ್ ಪೈಪಿನ ಸುತ್ತ ಶಿಂಗಲ್ಸ್ ಕೆಲಸ ಸರಿಯಾಗಿದೆಯೇ?

ಪ್ರಶ್ನೆ: ತುಮಕೂರಿನಲ್ಲಿ ಹೊಸದಾಗಿ ಕಟ್ಟಿಸಿದ ಮನೆಯ ಇಳಿಜಾರು ಛಾವಣಿಗೆ ಆಸ್ಫಾಲ್ಟ್ ಶಿಂಗಲ್ಸ್ (ಹೆಂಚಿನಂತೆ ಸಾಲಾಗಿ ಹೊದಿಸುವ, ಡಾಂಬರು ಲೇಪಿಸಿದ ತೆಳು ಹಾಳೆಗಳು) ಹಾಕಿಸಿದ್ದೇವೆ. ಶೌಚಾಲಯದ ಗಾಳಿಯನ್ನು ಹೊರಬಿಡುವ ವೆಂಟ್ ಪೈಪುಗಳು ಛಾವಣಿಯಿಂದ ಹೊರಬರುವ ಕಡೆ ಕೆಲಸ ಚೆನ್ನಾಗಿ ಆಗಿದೆಯೇ ಎಂದು, ಕೊನೆಯ ಕಂತಿನ ಹಣ ಕೊಡುವ ಮೊದಲು ನಾವೇ ನೋಡಿ ತಿಳಿಯಬಹುದೇ?

ಉತ್ತರ: ಖಂಡಿತ ತಿಳಿಯಬಹುದು. ಪೈಪಿನ ಸುತ್ತ ಕೂರಿಸುವ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಅಗಲವಾದ ಪಟ್ಟಿಗೆ ಫ್ಲಾಶಿಂಗ್ ಎನ್ನುತ್ತಾರೆ. ಅದರ ಯಾವ ಅಂಚು ಕಾಣುತ್ತದೆ, ಯಾವ ಅಂಚು ಮುಚ್ಚಿದೆ ಎಂಬುದನ್ನು ಮೊದಲು ನೋಡಿ. ಹೆಂಚಿನ ಮನೆಯಲ್ಲಿ ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಕೂರುವಂತೆಯೇ ಇಲ್ಲಿಯೂ ಪಟ್ಟಿಯ ಮೇಲ್ಭಾಗ ಮತ್ತು ಎರಡೂ ಪಕ್ಕಗಳು ಶಿಂಗಲ್ಸ್ ಅಡಿಯಲ್ಲಿ ಸೇರಿರಬೇಕು, ಕೆಳ ಅಂಚು ಮಾತ್ರ ಕೆಳಗಿನ ಶಿಂಗಲ್ಸ್ ಮೇಲೆ ಹೊರಗೆ ಕಾಣಬೇಕು. ಕೆಳ ಅಂಚೂ ಶಿಂಗಲ್ಸ್ ಒಳಗೆ ಹುದುಗಿದ್ದರೆ ಪಟ್ಟಿಯ ಮೇಲೆ ಹರಿದು ಬಂದ ನೀರು ಹೊರಗೆ ಹೋಗದೆ ಶಿಂಗಲ್ಸ್ ಅಡಿಗೆ ಇಳಿಯುತ್ತದೆ. ಮೇಲಿನ ಅಂಚು ಬಯಲಾಗಿದ್ದು ಅದಕ್ಕೆ ಸೀಲಂಟ್ (ಸಂದು ಮುಚ್ಚುವ ಅಂಟು) ಬಳಿದಿದ್ದರೆ, ಆ ಸೀಲಂಟ್ ಬಿಸಿಲಿಗೆ ಬಿರುಕು ಬಿಟ್ಟ ದಿನವೇ ಸೋರಿಕೆ ಶುರುವಾಗುತ್ತದೆ.

ನಮ್ಮ ಕಡೆ ಪೈಪಿನ ಬುಡಕ್ಕೆ ಸಿಮೆಂಟ್ ಗಾರೆ ಮೆತ್ತಿ ಬಿಡುವ ರೂಢಿ ಇನ್ನೂ ಇದೆ, ಅದನ್ನು ದಯವಿಟ್ಟು ಒಪ್ಪಬೇಡಿ. ಪಿವಿಸಿ ಪೈಪು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವಷ್ಟು ಗಾರೆ ಹಿಗ್ಗಿ ಕುಗ್ಗುವುದಿಲ್ಲವಾದ್ದರಿಂದ ಎರಡರ ನಡುವೆ ಕೂದಲೆಳೆಯಷ್ಟು ಸಂದು ಬಿಡುತ್ತದೆ, ಸೆಪ್ಟೆಂಬರ್–ಅಕ್ಟೋಬರ್ ಮಳೆಗೆ ಅಷ್ಟು ಸಂದು ಸಾಕು. ಆ ಚಲನೆಯನ್ನು ತಾಳಿಕೊಳ್ಳಲೆಂದೇ ಫ್ಲಾಶಿಂಗ್‌ಗೆ ರಬ್ಬರ್ ಕಾಲರ್ ಇರುತ್ತದೆ. ಅದು ಪೈಪಿನ ಅಳತೆಯದೇ ಆಗಿದ್ದು, 110 ಮಿ.ಮೀ. ಪೈಪಿಗೆ ಬೇರೆ ಅಳತೆಯ ಕಾಲರನ್ನು ಕತ್ತರಿಸಿ ಹೊಂದಿಸಿರಬಾರದು.

ಮೊಳೆಯ ತಲೆಗಳು ಶಿಂಗಲ್ಸ್ ಅಡಿಯಲ್ಲಿ ಮುಚ್ಚಿರಬೇಕು. ಕೆಳ ಅಂಚಿನಲ್ಲಿ ಹೊಡೆಯಲೇಬೇಕಾಗಿ ಬಂದ ಒಂದೆರಡು ಮೊಳೆಗಳ ಮೇಲೆ ಸೀಲಂಟ್ ಇರಬೇಕು, ಸೀಲಂಟಿಗೆ ಸರಿಯಾದ ಜಾಗ ಅದೇ. ಪೈಪಿನ ಕುತ್ತಿಗೆಗೆ ಶಿಂಗಲ್ಸ್ ಒತ್ತಿಕೊಂಡಿರದೆ, ಕಸ ನಿಲ್ಲದೆ ನೀರು ಹರಿಯುವಷ್ಟು ಜಾಗ ಸುತ್ತಲೂ ಬಿಟ್ಟಿರಬೇಕು.

ಇದನ್ನೆಲ್ಲ ಬೆಳಗಿನ ತಂಪಿನಲ್ಲಿ, ಭದ್ರವಾದ ಏಣಿಯ ಮೇಲೆ ನಿಂತು, ಮೊಬೈಲಿನಲ್ಲಿ ಹತ್ತಿರದ ಚಿತ್ರ ತೆಗೆದು ನೋಡುವುದು ಒಳ್ಳೆಯದು. ನಡುಮಧ್ಯಾಹ್ನ ಮೆತ್ತಗಾದ ಶಿಂಗಲ್ಸ್ ತುಳಿದರೆ ಮೇಲಿನ ಕಲ್ಲಿನ ಹರಳುಗಳು ಉದುರುತ್ತವೆ.

ಆಮೇಲೆ ನೀರಿನ ಪರೀಕ್ಷೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ಪೈಪಿನ ಬುಡ ನೋಡುತ್ತಿರಲಿ, ಇನ್ನೊಬ್ಬರು ಗಿಡಕ್ಕೆ ನೀರು ಬಿಡುವಂಥ ಸಾಧಾರಣ ಪೈಪಿನಿಂದ ಮೊದಲು ಫ್ಲಾಶಿಂಗ್‌ನ ಕೆಳಭಾಗಕ್ಕೆ, ನಂತರ ಪಕ್ಕಗಳಿಗೆ, ಕೊನೆಗೆ ಮೇಲ್ಭಾಗಕ್ಕೆ, ಪ್ರತಿ ಕಡೆ ಹತ್ತು ಹದಿನೈದು ನಿಮಿಷ ನೀರು ಬಿಡಲಿ. ಹೀಗೆ ಕೆಳಗಿನಿಂದ ಮೇಲಕ್ಕೆ ಹೋದರೆ ಯಾವ ಹಂತದಲ್ಲಿ ತೇವ ಕಂಡಿತೋ ದೋಷ ಆ ಮಟ್ಟದಲ್ಲೇ ಇದೆ ಎಂದು ಹೇಳಬಹುದು, ಮೇಲಿನಿಂದ ಆರಂಭಿಸಿದರೆ ಎಲ್ಲವೂ ಒಟ್ಟಿಗೆ ನೆನೆದು ಏನೂ ತಿಳಿಯುವುದಿಲ್ಲ.

ಪಟ್ಟಿಯ ಅಂಚುಗಳೇ ತಪ್ಪಾಗಿದ್ದರೆ ಸುತ್ತಲಿನ ಶಿಂಗಲ್ಸ್ ಬಿಚ್ಚಿ, ಅಡಿಯ ಜಲನಿರೋಧಕ ಹಾಳೆಯೂ ಫ್ಲಾಶಿಂಗ್‌ನ ಮೇಲ್ಭಾಗದ ಮೇಲೆ ಬರುವಂತೆ ಮತ್ತೆ ಕೂರಿಸಲು ಕೆಲಸದವರನ್ನು ಕೇಳಿ, ಮುಚ್ಚುವ ಮೊದಲು ಅದರ ಚಿತ್ರ ತೆಗೆದಿಟ್ಟುಕೊಳ್ಳಿ.