ಆಫ್‌ಸೈಡ್ ಗೆರೆ ಮಿಲಿಮೀಟರಿಗೆ ಇಳಿದ ಬಗೆ

ಮಾಕುಟ್ಟದ ಘಟ್ಟ ಇಳಿದರೆ ಕೇರಳ, ಕುಶಾಲನಗರ ದಾಟಿದರೆ ಬೆಂಗಳೂರಿನ ದಾರಿ. ಎರಡರ ನಡುವಿನ ಕೊಡಗಿನಲ್ಲಿ ಫುಟ್‌ಬಾಲ್ ಅಭಿಮಾನವೂ ಎರಡಾಗಿ ಹಂಚಿಹೋಗಿದೆ. ವಿರಾಜಪೇಟೆ, ಸಿದ್ದಾಪುರ, ಸುಂಟಿಕೊಪ್ಪಗಳಲ್ಲಿ ಬೆಂಗಳೂರು ಎಫ್‌ಸಿಯ ನೀಲಿ ಅಂಗಿ ತೊಡುವವರೂ ಇದ್ದಾರೆ, ಕೇರಳ ಬ್ಲಾಸ್ಟರ್ಸ್‌ನ ಹಳದಿ ಅಂಗಿ ತೊಡುವವರೂ ಇದ್ದಾರೆ. ಆದುದರಿಂದ 2023ರ ಮಾರ್ಚ್ 3ರ ರಾತ್ರಿ, ಕಾಫಿ ಕೊಯ್ಲು ಮುಗಿಸಿ ಹೂಮಳೆಗೆ ಕಾಯುತ್ತಿದ್ದ ದಿನಗಳಲ್ಲಿ, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದದ್ದು ನಮ್ಮಲ್ಲಿ ಮನೆಯೊಳಗಿನ ಜಗಳವೇ ಆಯಿತು. ಅದು ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ. 90 ನಿಮಿಷಗಳಲ್ಲಿ ಗೋಲು ಬಂದಿರಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಸಿಕ್ಕ ಫ್ರೀ ಕಿಕ್ಕನ್ನು ಬೆಂಗಳೂರಿನ ಸುನಿಲ್ ಚೆಟ್ರಿ, ಎದುರಾಳಿಗಳು ಗೋಡೆ ಕಟ್ಟಿ ಸಿದ್ಧರಾಗುವ ಮೊದಲೇ, ಗೋಲಿನೊಳಕ್ಕೆ ಕಳುಹಿಸಿದರು. ರೆಫರಿ ಅದನ್ನು ಗೋಲೆಂದು ಸಾರಿದರು. ಬ್ಲಾಸ್ಟರ್ಸ್ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದರು. ಅವರು ಮತ್ತೆ ಒಳಗೆ ಬರಲಿಲ್ಲ. ಬೆಂಗಳೂರು ಗೆದ್ದಿತೆಂದು ಘೋಷಣೆಯಾಯಿತು. ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡವನ್ನೂ ತರಬೇತುದಾರರಿಗೆ 10 ಪಂದ್ಯಗಳ ನಿಷೇಧವನ್ನೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ವಿಧಿಸಿತು.

ಎರಡು ವಾರ ಕಳೆದು, ಮಾರ್ಚ್ 18ರಂದು ಗೋವಾದಲ್ಲಿ ನಡೆದ ಫೈನಲ್‌ನಲ್ಲಿ ಬೆಂಗಳೂರು ತಂಡ ಎಟಿಕೆ ಮೋಹನ್ ಬಾಗನ್‌ಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಆ ಪಂದ್ಯದ ಪೆನಾಲ್ಟಿ ತೀರ್ಪೊಂದರ ಬಗ್ಗೆ ಈ ಬಾರಿ ನೀಲಿ ಪಾಳೆಯದಿಂದ ಆಕ್ಷೇಪ ಕೇಳಿಬಂತು. ಹೀಗೆ ಎರಡೂ ಅಂಗಿಯವರು ಒಂದು ಮಾತಿನಲ್ಲಿ ಒಮ್ಮತಕ್ಕೆ ಬಂದರು: ಭಾರತಕ್ಕೂ ವಿಡಿಯೊ ಸಹಾಯಕ ರೆಫರಿ, ಅಂದರೆ ವಿಎಆರ್ ಬೇಕು. ಆಗ ನಾನೂ ಅದನ್ನೇ ಹೇಳಿದೆ. ಆ ವ್ಯವಸ್ಥೆ ಎಲ್ಲಿಂದ ಬಂತು, ಯಾವ ಅನ್ಯಾಯಕ್ಕೆ ಮದ್ದಾಗಿ ಬಂತು, ಬಂದ ಮೇಲೆ ಏನಾಯಿತು ಎಂಬುದನ್ನು ಹಿಂದಿನಿಂದ ನೋಡುತ್ತ ಬಂದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ಕ್ಯಾಮೆರಾ ಬೇಡವೆಂದು ನಾನು ಹೇಳುತ್ತಿಲ್ಲ. ಕಣ್ಣಿಗೆ ರಾಚುವ ತಪ್ಪನ್ನು ತಿದ್ದಲು ನಾವು ಕೇಳಿದ ಸಾಧನವನ್ನು ಕಣ್ಣಿಗೆ ಕಾಣದ ಅಂತರವನ್ನು ಅಳೆಯಲು ಬಳಸಲಾಗುತ್ತಿದೆ ಎಂಬುದೇ ನನ್ನ ತಕರಾರು.

ಇದು ಸ್ಪಷ್ಟವಾಗಿ ಕಾಣುವುದು ಆಫ್‌ಸೈಡ್ ನಿಯಮದಲ್ಲಿ. ಆ ನಿಯಮದ ಉದ್ದೇಶ ಸರಳವಾದುದು: ಯಾರೂ ಎದುರಾಳಿಯ ಗೋಲಿನ ಬಾಯಲ್ಲೇ ನಿಂತು ಚೆಂಡಿಗಾಗಿ ಕಾಯಬಾರದು. 1863ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಬರೆದ ಮೊದಲ ನಿಯಮಗಳಲ್ಲಿ ಚೆಂಡಿಗಿಂತ ಮುಂದಿದ್ದ ಸ್ವಪಕ್ಷದ ಆಟಗಾರ ಬಹುತೇಕ ಆಫ್‌ಸೈಡೇ ಆಗಿದ್ದ. 1866ರಲ್ಲಿ ಇದು ಸಡಿಲಗೊಂಡು, ಆಕ್ರಮಣಕಾರನಿಗೂ ಗೋಲ್‌ಲೈನಿಗೂ ನಡುವೆ ಮೂವರು ಎದುರಾಳಿಗಳಿದ್ದರೆ ಸಾಕು ಎಂದಾಯಿತು. 1907ರಿಂದ ತನ್ನದೇ ಅರ್ಧದಲ್ಲಿರುವವನಿಗೆ ಆಫ್‌ಸೈಡ್ ಇಲ್ಲವಾಯಿತು. ಆದರೆ ಮೂವರ ಲೆಕ್ಕದಲ್ಲಿ ರಕ್ಷಕರಿಗೆ ಒಂದು ಅನುಕೂಲವಿತ್ತು. ಒಬ್ಬ ಫುಲ್‌ಬ್ಯಾಕ್ (ಹಿಂಬದಿಯ ರಕ್ಷಕ) ಮುಂದೆ ಓಡಿ ಎದುರಾಳಿಯನ್ನು ಆಫ್‌ಸೈಡ್ ಬಲೆಗೆ ಕೆಡವಲು ಪ್ರಯತ್ನಿಸಬಹುದಿತ್ತು. ಅದು ಕೈಕೊಟ್ಟರೂ ಇನ್ನೊಬ್ಬ ಫುಲ್‌ಬ್ಯಾಕ್ ಮತ್ತು ಗೋಲ್‌ಕೀಪರ್ ಹಿಂದೆ ಉಳಿದಿರುತ್ತಿದ್ದರು. ನ್ಯೂಕ್ಯಾಸಲ್ ತಂಡದ ಬಿಲ್ ಮೆಕ್ರಾಕೆನ್ ಈ ಬಲೆ ಬೀಸುವುದರಲ್ಲಿ ಎಷ್ಟು ಪಳಗಿದ್ದರೆಂದರೆ, 1920ರ ದಶಕದ ಮೊದಲ ಭಾಗದಲ್ಲಿ ಆಟ ಮತ್ತೆಮತ್ತೆ ನಿಂತು ಗೋಲುಗಳು ಬತ್ತತೊಡಗಿದ್ದಕ್ಕೆ ಅವರ ಹೆಸರನ್ನೇ ಉದಾಹರಿಸುತ್ತಾರೆ.

1925ರ ಜೂನ್‌ನಲ್ಲಿ ಮೂವರ ಬದಲು ಇಬ್ಬರು ಎಂಬ ತಿದ್ದುಪಡಿ ಬಂತು. ಪರಿಣಾಮ ಬೆರಗು ಹುಟ್ಟಿಸುವಂಥದ್ದು: ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ನ ಎಲ್ಲ ವಿಭಾಗಗಳಲ್ಲಿ 1924–25ರ ಋತುವಿನಲ್ಲಿ ಒಟ್ಟು 4,700 ಗೋಲುಗಳು ಬಂದಿದ್ದರೆ ಮರುವರ್ಷ ಅದು 6,373ಕ್ಕೆ ಏರಿತು. 1927–28ರಲ್ಲಿ ಎವರ್ಟನ್‌ನ ಡಿಕ್ಸಿ ಡೀನ್ ಒಬ್ಬರೇ ಲೀಗ್‌ನಲ್ಲಿ 60 ಗೋಲು ಹೊಡೆದರು. ಅರ್ಸೆನಲ್‌ನ ತರಬೇತುದಾರ ಹರ್ಬರ್ಟ್ ಚಾಪ್‌ಮನ್ ಅವರು ನಡುವಿನ ಆಟಗಾರನೊಬ್ಬನನ್ನು ಹಿಂದಕ್ಕೆ ಎಳೆದು ಮೂರನೇ ರಕ್ಷಕನನ್ನಾಗಿ ಮಾಡಿದ್ದು ಈ ಪ್ರವಾಹವನ್ನು ತಡೆಯಲೆಂದೇ. ಮುಂದೆ 1990ರಲ್ಲಿ, ಕೊನೆಯಿಂದ ಎರಡನೆಯ ರಕ್ಷಕನಿಗೆ ಸಮನಾಗಿ ನಿಂತವನು ಆಫ್‌ಸೈಡ್ ಅಲ್ಲ ಎಂಬ ತಿದ್ದುಪಡಿಯಾಯಿತು. ಈ ಸರಣಿಯಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ದೊಡ್ಡ ತಿದ್ದುಪಡಿಗಳೆಲ್ಲ ಗೋಲು ಹೊಡೆಯುವವನ ಪರವಾಗಿ ಬಂದವು. ಮತ್ತು ಪ್ರತಿಯೊಂದನ್ನೂ ಅಂಗಳದಲ್ಲಿರುವ ಮನುಷ್ಯನ ಕಣ್ಣನ್ನು ನಂಬಿ ಬರೆಯಲಾಗಿತ್ತು. ‘ಸಮನಾಗಿ’ ಎಂದರೆ ಕಣ್ಣಿಗೆ ಸಮನಾಗಿ ಕಂಡರೆ ಎಂದೇ ಅರ್ಥ.

ಕ್ಯಾಮೆರಾದ ಬೇಡಿಕೆ ಹುಟ್ಟಿದ್ದು ಬೇರೆಯೇ ಗಾಯಗಳಿಂದ. 1986ರ ಜೂನ್ 22ರಂದು ಮೆಕ್ಸಿಕೊದ ಅಜ್ಟೆಕಾ ಕ್ರೀಡಾಂಗಣದಲ್ಲಿ ಮರಡೋನಾ ಇಂಗ್ಲೆಂಡ್ ವಿರುದ್ಧ ಕೈಯಿಂದ ಹೊಡೆದ ಗೋಲನ್ನು ಟಿ.ವಿ. ಮುಂದಿದ್ದ ಜಗತ್ತೆಲ್ಲ ಕಂಡಿತು, ಕಾಣಬೇಕಾದ ರೆಫರಿಗೆ ಮಾತ್ರ ಕಾಣಲಿಲ್ಲ. 2009ರ ನವೆಂಬರ್‌ನಲ್ಲಿ ಪ್ಯಾರಿಸ್ ಬಳಿ ಥಿಯೆರ್ರಿ ಹೆನ್ರಿ ಚೆಂಡನ್ನು ಕೈಯಿಂದ ತಡೆದು ಕೊಟ್ಟ ಪಾಸ್‌ನಲ್ಲಿ ವಿಲಿಯಂ ಗಲ್ಲಾಸ್ ಗೋಲು ಹೊಡೆದರು, ಐರ್ಲೆಂಡಿನ ವಿಶ್ವಕಪ್ ಕನಸು ಅಲ್ಲಿಗೆ ಮುಗಿಯಿತು. ಮರುಪಂದ್ಯದ ಮನವಿಯನ್ನು ಫಿಫಾ ಒಪ್ಪಲಿಲ್ಲ. ಐರ್ಲೆಂಡಿನ ಸಂಸ್ಥೆಗೆ ಫಿಫಾ 50 ಲಕ್ಷ ಯೂರೊ ಕೊಟ್ಟಿತ್ತೆಂಬುದು 2015ರಲ್ಲಿ ಬೆಳಕಿಗೆ ಬಂತು. ತಪ್ಪನ್ನು ಅಂಗಳದಲ್ಲಿ ತಿದ್ದಲಾಗದೆ ಹಣದಿಂದ ಮುಚ್ಚಿದ ಈ ಪ್ರಕರಣ ನನಗೆ ಮರಡೋನಾ ಪ್ರಕರಣಕ್ಕಿಂತಲೂ ಹೆಚ್ಚು ನೋವು ಕೊಡುತ್ತದೆ.

2010ರ ಮಾರ್ಚ್‌ನಲ್ಲಿ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಳಿಯು, ಚೆಂಡು ಗೋಲಿನ ಗೆರೆ ದಾಟಿತೇ ಎಂದು ಯಂತ್ರದಿಂದ ತಿಳಿಯುವ ಗೋಲ್‌ಲೈನ್ ತಂತ್ರಜ್ಞಾನವನ್ನು ತಿರಸ್ಕರಿಸಿತು. ನಾಲ್ಕು ತಿಂಗಳೂ ತುಂಬಿರಲಿಲ್ಲ, ಜೂನ್ 27ರಂದು ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ ಫ್ರಾಂಕ್ ಲ್ಯಾಂಪಾರ್ಡ್ ಜರ್ಮನಿಯ ವಿರುದ್ಧ ಹೊಡೆದ ಚೆಂಡು ಅಡ್ಡಪಟ್ಟಿಗೆ ತಗುಲಿ ಗೆರೆಯಿಂದ ಚೆನ್ನಾಗಿ ಒಳಗೆ ಬಿದ್ದು ಹೊರಬಂತು, ಗೋಲು ಸಿಗಲಿಲ್ಲ. ಅದೇ ದಿನ ಮೆಕ್ಸಿಕೊ ವಿರುದ್ಧ ಕಾರ್ಲೊಸ್ ಟೆವೆಜ್ ಆಫ್‌ಸೈಡ್‌ನಲ್ಲಿ ನಿಂತು ಹೊಡೆದ ಗೋಲು ಊರ್ಜಿತವಾಯಿತು, ಅದರ ಮರುದೃಶ್ಯ ಕ್ರೀಡಾಂಗಣದ ದೊಡ್ಡ ಪರದೆಯಲ್ಲೇ ಮೂಡಿತು. ಫಿಫಾ ಅಧ್ಯಕ್ಷ ಸೆಪ್ ಬ್ಲಾಟರ್ ಎರಡೂ ದೇಶಗಳ ಕ್ಷಮೆ ಕೇಳಿದರು. ನಂತರ 2012ರ ಯೂರೊ ಟೂರ್ನಿಯಲ್ಲಿ ಉಕ್ರೇನ್‌ನ ಮಾರ್ಕೊ ಡೆವಿಚ್ ಹೊಡೆದ ಚೆಂಡು ಗೆರೆ ದಾಟಿದ ಮೇಲೆ ಇಂಗ್ಲೆಂಡಿನ ಜಾನ್ ಟೆರ್ರಿ ಅದನ್ನು ಹೊರಗೊದ್ದರು. ಗೋಲಿನ ಪಕ್ಕದಲ್ಲೇ ನಿಲ್ಲಿಸಿದ್ದ ಹೆಚ್ಚುವರಿ ಸಹಾಯಕನೂ ಅದನ್ನು ಕಾಣಲಿಲ್ಲ. ಜುಲೈ 5ರಂದು ಮಂಡಳಿ ಗೋಲ್‌ಲೈನ್ ತಂತ್ರಜ್ಞಾನಕ್ಕೆ ಒಪ್ಪಿಗೆ ಕೊಟ್ಟಿತು.

ಡೆವಿಚ್ ಗೋಲಿನಲ್ಲಿ ಇನ್ನೊಂದು ಸಂಗತಿ ಅಡಗಿತ್ತು. ಆ ದಾಳಿಯ ಆರಂಭದಲ್ಲೇ ಉಕ್ರೇನಿನ ಒಬ್ಬ ಆಟಗಾರ ಆಫ್‌ಸೈಡ್ ಆಗಿದ್ದ, ಅದನ್ನೂ ಯಾರೂ ಗುರುತಿಸಿರಲಿಲ್ಲ. ಗೆರೆಯ ತಂತ್ರಜ್ಞಾನ ಅಂದು ಇದ್ದಿದ್ದರೆ, ನಿಯಮದ ಪ್ರಕಾರ ಆಗಬಾರದಿದ್ದ ಗೋಲನ್ನು ಅದು ಕೊಟ್ಟುಬಿಡುತ್ತಿತ್ತು. ಒಂದು ತಪ್ಪನ್ನು ಯಂತ್ರದಿಂದ ತಿದ್ದಿದರೆ ಅದರ ಹಿಂದಿನದನ್ನೂ ತಿದ್ದಬೇಕಾಗುತ್ತದೆ ಎಂಬ ವಾದಕ್ಕೆ ಇಷ್ಟೇ ಸಾಕಾಗಿತ್ತು.

ನೆದರ್ಲೆಂಡ್ಸ್‌ನಲ್ಲಿ ಮೊದಲ ಪ್ರಯೋಗಗಳು ನಡೆದವು. 2016ರ ಮಾರ್ಚ್‌ನಲ್ಲಿ ಮಂಡಳಿ ಅಧಿಕೃತ ಪರೀಕ್ಷೆಗೆ ಅನುಮತಿ ನೀಡಿತು, 2018ರ ಮಾರ್ಚ್ 3ರಂದು ವಿಎಆರ್ ನಿಯಮಪುಸ್ತಕ ಸೇರಿತು, ಅದೇ ವರ್ಷ ರಷ್ಯಾ ವಿಶ್ವಕಪ್‌ಗೂ ಬಂತು. ‘ಕನಿಷ್ಠ ಹಸ್ತಕ್ಷೇಪ, ಗರಿಷ್ಠ ಪ್ರಯೋಜನ’ ಎಂಬುದು ಅದರ ಘೋಷವಾಕ್ಯವಾಗಿತ್ತು. ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ತಪ್ಪು ಆಟಗಾರನಿಗೆ ಶಿಕ್ಷೆ, ಈ ನಾಲ್ಕು ಸಂದರ್ಭಗಳಲ್ಲಿ, ಅದೂ ಸ್ಪಷ್ಟವಾಗಿ ಎದ್ದು ಕಾಣುವ ತಪ್ಪಾಗಿದ್ದರೆ ಮಾತ್ರ ವಿಡಿಯೊ ಕೊಠಡಿ ಮಾತನಾಡಬೇಕು. ಹೆನ್ರಿಯ ಕೈಗೂ ಟೆವೆಜ್‌ನ ಆಫ್‌ಸೈಡಿಗೂ ಹೇಳಿ ಬರೆಸಿದಂತಿತ್ತು ಈ ಷರತ್ತು. ಆದರೆ ಆಫ್‌ಸೈಡ್ ಎಂಬುದು ಅಭಿಪ್ರಾಯದ ವಿಷಯವಲ್ಲ, ವಾಸ್ತವಾಂಶದ ವಿಷಯ ಎಂಬ ಕಾರಣ ಕೊಟ್ಟು ‘ಎದ್ದು ಕಾಣುವ’ ಎಂಬ ಷರತ್ತನ್ನು ಅದಕ್ಕೆ ಅನ್ವಯಿಸಲಿಲ್ಲ. ಇಡೀ ಕಥೆ ದಾರಿ ತಪ್ಪಿದ್ದು ಇಲ್ಲಿಯೇ ಎಂದು ನಾನು ನಂಬಿದ್ದೇನೆ.

2019ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ಗೆ ವಿಎಆರ್ ಬಂದಾಗ ಪರದೆಯ ಮೇಲೆ ಬಣ್ಣದ ಗೆರೆಗಳು ಮೂಡತೊಡಗಿದವು. ನವೆಂಬರ್ 2ರಂದು ಆ್ಯಸ್ಟನ್ ವಿಲ್ಲಾ ವಿರುದ್ಧ ಲಿವರ್‌ಪೂಲ್‌ನ ರಾಬರ್ಟೊ ಫಿರ್ಮಿನೊ ಹೊಡೆದ ಗೋಲು ಅವರ ಕಂಕುಳಿನ ಭಾಗ ಮುಂದಿತ್ತೆಂಬ ಕಾರಣಕ್ಕೆ ರದ್ದಾಯಿತು. ಈ ಅಳತೆಯ ಲೆಕ್ಕವನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಟಿ.ವಿ. ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ತೆಗೆಯುತ್ತದೆಂದರೆ ಎರಡು ಚಿತ್ರಗಳ ನಡುವೆ ಸೆಕೆಂಡಿನ 50ನೇ ಒಂದು ಭಾಗ ಕಳೆದಿರುತ್ತದೆ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುವ ಆಟಗಾರ ಅಷ್ಟರಲ್ಲಿ 16 ಸೆಂಟಿಮೀಟರ್ ಸಾಗಿರುತ್ತಾನೆ. ರಕ್ಷಕ ಎದುರು ದಿಕ್ಕಿಗೆ ಓಡುತ್ತಿದ್ದರೆ ಅಂತರ ಇನ್ನೂ ಹಿಗ್ಗುತ್ತದೆ. ಆಫ್‌ಸೈಡ್ ಅಳೆಯುವುದು ಪಾಸ್ ಕೊಟ್ಟ ಕ್ಷಣದಲ್ಲಿ. ಆದರೆ ಪಾಸ್ ಕೊಟ್ಟವನ ಕಾಲು ಚೆಂಡಿಗೆ ತಗುಲಿದ್ದು ಯಾವ ಚಿತ್ರದಲ್ಲಿ ಎಂಬುದನ್ನು ಆರಿಸುವವನು ಮನುಷ್ಯ. ಹೀಗಿರುವಾಗ ಒಂದೆರಡು ಸೆಂಟಿಮೀಟರ್ ವ್ಯತ್ಯಾಸವನ್ನು ವಾಸ್ತವಾಂಶವೆಂದು ಕರೆಯುವುದು ಹೇಗೆ ಸರಿ? ಲೀಗ್ ಕೂಡ 2021–22ರಿಂದ ಗೆರೆಗಳನ್ನು ದಪ್ಪಗೊಳಿಸಿ ಸಂಶಯದ ಲಾಭವನ್ನು ಆಕ್ರಮಣಕಾರನಿಗೆ ಕೊಟ್ಟಿತು.

2022ರ ಕತಾರ್ ವಿಶ್ವಕಪ್ ಈ ದೋಷವನ್ನು ಇನ್ನಷ್ಟು ಯಂತ್ರಗಳಿಂದ ನಿವಾರಿಸಲು ಹೊರಟಿತು. ಚಾವಣಿಯ ಕೆಳಗೆ 12 ಕ್ಯಾಮೆರಾಗಳು ಪ್ರತಿ ಆಟಗಾರನ ದೇಹದ 29 ಬಿಂದುಗಳನ್ನು ಸೆಕೆಂಡಿಗೆ 50 ಬಾರಿ ಗುರುತಿಸಿದವು. ಚೆಂಡಿನೊಳಗಿನ ಸಂವೇದಕ ಸೆಕೆಂಡಿಗೆ 500 ಬಾರಿ ಮಾಹಿತಿ ಕಳುಹಿಸಿತು. ಉದ್ಘಾಟನಾ ಪಂದ್ಯದ ಮೂರನೇ ನಿಮಿಷದಲ್ಲೇ ಈಕ್ವೆಡಾರ್‌ನ ಎನ್ನರ್ ವೆಲೆನ್ಸಿಯಾ ಅವರ ಗೋಲು ರದ್ದಾಯಿತು. ಅಳತೆ ಹೆಚ್ಚು ನಿಖರವಾಯಿತೆಂಬುದನ್ನು ಒಪ್ಪುತ್ತೇನೆ. ಆದರೆ ಗೋಲಿನ ಬಾಯಲ್ಲಿ ಕಾಯುವವನನ್ನು ತಡೆಯಲು ಹುಟ್ಟಿದ ನಿಯಮಕ್ಕೆ, ರಕ್ಷಕನ ಜೊತೆಜೊತೆಗೇ ಓಡುತ್ತಿರುವವನ ಮೊಣಕಾಲನ್ನು ಅಳೆಯುವ ಅಗತ್ಯವೇನಿದೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಈ ಪ್ರಶ್ನೆಯನ್ನು ಕೊಡಗಿನವರು ಕೇಳಲು ಕಾರಣವಿದೆ. ನಮ್ಮ ಹಾಕಿಯಲ್ಲಿಯೂ ಆಫ್‌ಸೈಡ್ ಇತ್ತು. ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರ ಕಾಲದ ಆಟ ಅದು. ಹಾಕಿಯ ಆಡಳಿತಗಾರರು ಆ ನಿಯಮವನ್ನು ಹಂತಹಂತವಾಗಿ ಸಡಿಲಿಸಿ, 1996ರಲ್ಲಿ ಪ್ರಯೋಗಾರ್ಥವಾಗಿ ಕೈಬಿಟ್ಟು, 1998ರಲ್ಲಿ ಶಾಶ್ವತವಾಗಿ ತೆಗೆದುಹಾಕಿದರು. ಕರಡದಲ್ಲಿ 1997ರಲ್ಲಿ ಕೊಡವ ಕುಟುಂಬಗಳ ಮೊದಲ ಹಾಕಿ ಉತ್ಸವ ನಡೆದಾಗ ಆ ಪ್ರಯೋಗ ಇನ್ನೂ ನಡೆಯುತ್ತಿತ್ತು. ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಅವರು ಭಾರತಕ್ಕೆ ಆಡುವ ಹೊತ್ತಿಗೆ ಆಫ್‌ಸೈಡ್ ಹಳೆಯ ಮಾತಾಗಿತ್ತು. ಹಾಕಿ ಅದರಿಂದ ಕೆಡಲಿಲ್ಲ. ಫುಟ್‌ಬಾಲ್‌ನಲ್ಲಿಯೂ ನಿಯಮವನ್ನು ಹಾಗೆ ಕಿತ್ತೊಗೆಯಬೇಕೆಂದು ನಾನು ಹೇಳಲಾರೆ. ಏಳು ಜನರ ಸೆವೆನ್ಸ್ ಆಟಕ್ಕೆ ಆಫ್‌ಸೈಡ್ ಇಲ್ಲದಿರುವುದು ಒಪ್ಪುತ್ತದೆ, ಹನ್ನೊಂದು ಜನರ ದೊಡ್ಡ ಅಂಗಳದಲ್ಲಿ ಅದಿಲ್ಲದಿದ್ದರೆ ರಕ್ಷಕರೆಲ್ಲ ಹಿಂದೆ ಸರಿದು ನಿಂತು ನಡುವಿನ ಆಟವೇ ಸೊರಗೀತು. ಆದರೆ ದೇಹಗಳ ನಡುವೆ ಬೆಳಕು ಕಾಣುವಷ್ಟು ಮುಂದಿದ್ದರೆ ಮಾತ್ರ ಆಫ್‌ಸೈಡ್ ಆಗಲಿ ಎಂಬ, ಅರ್ಸೆನಲ್‌ನ ಹಿಂದಿನ ತರಬೇತುದಾರ ಆರ್ಸೆನ್ ವೆಂಗರ್ ಅವರ ಸಲಹೆ ನನಗೆ ಸರಿಯೆನಿಸುತ್ತದೆ. ಗೆರೆ ಎಲ್ಲಿಯೇ ಇದ್ದರೂ ಅಂಚಿನ ಪ್ರಕರಣಗಳು ಇದ್ದೇ ಇರುತ್ತವೆ ಎಂಬುದು ನಿಜ, ಆದರೆ ಆಗ ಶಿಕ್ಷೆಗೆ ಒಳಗಾಗುವವನು ನಿಜವಾಗಿ ಅನುಕೂಲ ಪಡೆದವನಾಗಿರುತ್ತಾನೆ.

ಅಳತೆಗಿಂತಲೂ ದೊಡ್ಡ ನಷ್ಟ ಪ್ರೇಕ್ಷಕರದು. ಟಿಕೆಟ್ ಕೊಂಡು ಬಂದವನಿಗೆ ಗೋಲಾದ ಕ್ಷಣದಲ್ಲಿ ಕುಣಿಯಬೇಕೋ ಕಾಯಬೇಕೋ ತಿಳಿಯುವುದಿಲ್ಲ, ಕೊಠಡಿಯೊಳಗೆ ಏನು ನಡೆಯುತ್ತಿದೆ ಎಂದು ಯಾರೂ ಹೇಳುವುದಿಲ್ಲ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಹೊಡೆದ ಗೋಲಿಗೆ ಅಂಗಳದಲ್ಲಿ ಆಫ್‌ಸೈಡ್ ಎಂದು ಬಾವುಟ ಎತ್ತಲಾಗಿತ್ತು. ವಿಡಿಯೊ ಕೊಠಡಿಯವರು ಅಂಗಳದ ತೀರ್ಪು ಗೋಲೆಂದೇ ಆಗಿದೆ ಎಂದು ತಪ್ಪಾಗಿ ತಿಳಿದು, ಗೆರೆ ಸರಿಯಾಗಿಯೇ ಇದೆ, ಪರಿಶೀಲನೆ ಮುಗಿಯಿತು ಎಂದುಬಿಟ್ಟರು. ತಪ್ಪು ಅರಿವಾಗುವ ಹೊತ್ತಿಗೆ ಆಟ ಮತ್ತೆ ಶುರುವಾಗಿತ್ತು, ನಿಯಮದಂತೆ ನಿಲ್ಲಿಸುವಂತಿರಲಿಲ್ಲ. ಯಂತ್ರ ಸರಿಯಾದ ಉತ್ತರ ಕೊಟ್ಟಿತ್ತು. ಮುಚ್ಚಿದ ಬಾಗಿಲ ಹಿಂದಿನ ಮಾತು ಎಡವಿತ್ತು. ಆ ಮಾತು ಕ್ರೀಡಾಂಗಣಕ್ಕೆಲ್ಲ ಕೇಳುವಂತಿದ್ದರೆ ತಪ್ಪು ಆಗಲೇ ಬಯಲಾಗುತ್ತಿತ್ತು. 2024ರಲ್ಲಿ ವಿಎಆರ್ ಕೈಬಿಡಬೇಕೆಂದು ವುಲ್ವ್ಸ್ ತಂದ ಪ್ರಸ್ತಾವಕ್ಕೆ ಪ್ರೀಮಿಯರ್ ಲೀಗ್‌ನ ಉಳಿದ 19 ಕ್ಲಬ್‌ಗಳು ವಿರುದ್ಧ ಮತ ಹಾಕಿದವು. ಅದೇ ವರ್ಷ ಸ್ವೀಡನ್ ತನ್ನ ಲೀಗ್‌ಗೆ ಅದು ಬೇಡವೆಂದಿತು. ಅಲ್ಲಿ ಬಹುತೇಕ ಕ್ಲಬ್‌ಗಳಲ್ಲಿ ಸದಸ್ಯರಾದ ಅಭಿಮಾನಿಗಳದೇ ಬಹುಮತ ಎಂಬುದು ಗಮನಾರ್ಹ.

ಹಾಕಿಯಲ್ಲಿ ವಿಡಿಯೊ ಮನವಿಯ ಹಕ್ಕು ತಂಡದ ಕೈಯಲ್ಲಿದೆ. ಮನವಿ ಸರಿಯಾಗಿದ್ದರೆ ಹಕ್ಕು ಉಳಿಯುತ್ತದೆ, ತಪ್ಪಾಗಿದ್ದರೆ ಕಳೆದುಹೋಗುತ್ತದೆ. ಹಾಗಾಗಿ ತಂಡ ಅದನ್ನು ನಿಜವಾಗಿಯೂ ಅನ್ಯಾಯವಾಗಿದೆ ಎಂದೆನಿಸಿದಾಗ ಮಾತ್ರ ಬಳಸುತ್ತದೆ. ಫುಟ್‌ಬಾಲ್ ಕೂಡ ತಡವಾಗಿ ಇದೇ ದಾರಿ ಹಿಡಿದಿದೆ. 2024ರಲ್ಲಿ ಕೊಲಂಬಿಯಾದಲ್ಲಿ ನಡೆದ 20 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ನಲ್ಲಿ ‘ಫುಟ್‌ಬಾಲ್ ವಿಡಿಯೊ ಸಪೋರ್ಟ್’ ಎಂಬ ಪದ್ಧತಿಯನ್ನು ಪರೀಕ್ಷಿಸಲಾಯಿತು. ಅದರಲ್ಲಿ ಪ್ರತ್ಯೇಕ ವಿಡಿಯೊ ರೆಫರಿ ಇಲ್ಲ. ಪ್ರತಿ ತರಬೇತುದಾರರಿಗೆ ಎರಡು ಮನವಿಗಳಿರುತ್ತವೆ. ನಾಲ್ಕನೇ ಅಧಿಕಾರಿಗೆ ಒಂದು ಕಾರ್ಡ್ ಕೊಟ್ಟು ಕೇಳಿದರೆ ರೆಫರಿಯೇ ಅಂಗಳದ ಪಕ್ಕದ ಪರದೆಯಲ್ಲಿ ದೃಶ್ಯ ನೋಡಿ ತೀರ್ಮಾನಿಸುತ್ತಾರೆ. ಕ್ಯಾಮೆರಾಗಳು ಕೆಲವೇ ಇದ್ದರೂ ನಡೆಯುತ್ತದೆ. ಭಾರತದ ಲೀಗ್‌ಗಳಿಗೆ ನಾನು ಬಯಸುವುದು ಇದನ್ನು. ಇದರ ಜೊತೆಗೆ, 2023ರ ಮಹಿಳಾ ವಿಶ್ವಕಪ್‌ನಲ್ಲಿ ರೆಫರಿಗಳು ಧ್ವನಿವರ್ಧಕದಲ್ಲಿ ತೀರ್ಪನ್ನು ಸಾರಿದಂತೆ ಇಲ್ಲಿಯೂ ಸಾರಬೇಕು.

ಕಂಠೀರವದ ಆ ರಾತ್ರಿಗೆ ಇದನ್ನು ಅನ್ವಯಿಸಿ ನೋಡುತ್ತೇನೆ. ಅಲ್ಲಿನ ವಿವಾದ ಆಫ್‌ಸೈಡಿನದಾಗಿರಲಿಲ್ಲ. ರೆಫರಿಯ ಸೀಟಿಗೆ ಕಾಯಬೇಕಿತ್ತೇ, ಇಲ್ಲವೇ ಎಂಬುದಾಗಿತ್ತು. 12 ಕ್ಯಾಮೆರಾಗಳಿದ್ದರೂ ಅದಕ್ಕೆ ಉತ್ತರ ಸಿಗುತ್ತಿರಲಿಲ್ಲ. ವುಕೊಮನೊವಿಚ್ ಅವರ ಕೈಯಲ್ಲಿ ಒಂದು ಕಾರ್ಡ್ ಇದ್ದು, ರೆಫರಿ ದೃಶ್ಯವನ್ನು ಮತ್ತೆ ನೋಡಿ, ತಮ್ಮ ಕಾರಣವನ್ನು ಮೈಕಿನಲ್ಲಿ ಹೇಳಿದ್ದರೆ ಚೆಟ್ರಿಯ ಗೋಲು ಬಹುಶಃ ಹಾಗೆಯೇ ಉಳಿಯುತ್ತಿತ್ತು. ಆಗ ಬ್ಲಾಸ್ಟರ್ಸ್‌ಗೆ ಸಮಬಲ ಸಾಧಿಸಲು ಇನ್ನೂ ಇಪ್ಪತ್ತಕ್ಕೂ ಹೆಚ್ಚು ನಿಮಿಷಗಳ ಆಟ ಇರುತ್ತಿತ್ತು.