ಡೈ ಕಮ್ಮಿ ಹಾಕಿ ಅನ್ನುವವರಿಗೆ

ಆಂಜಿಯೋಗ್ರಾಂಗೆ, ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳಗಳಿಗೆ ಡೈ ಬಿಟ್ಟು ಎಕ್ಸ್‌ರೇಯಲ್ಲಿ ನೋಡುವ ಪರೀಕ್ಷೆಗೆ, ಸಹಿ ಹಾಕುವ ಮೊದಲು ಮನೆಯವರು ಒಂದು ಮಾತು ಹೇಳಿಯೇ ಹೇಳುತ್ತಾರೆ: "ಡಾಕ್ಟ್ರೇ, ಡೈ ಸ್ವಲ್ಪ ಕಮ್ಮಿ ಹಾಕಿ. ಕಿಡ್ನಿ ಹೋಗುತ್ತಂತೆ." ಭಯ ಪೂರ್ತಿ ಸುಳ್ಳಲ್ಲ. ಕಿಡ್ನಿ ಮೊದಲೇ ಸೋತಿದ್ದು, ಜೊತೆಗೆ ಸಕ್ಕರೆ ಕಾಯಿಲೆಯೂ ಇದ್ದರೆ ಡೈ ಲೆಕ್ಕ ಇಡಲೇಬೇಕು. ಆದರೆ ಕಮ್ಮಿ ಅಂದರೆ ಪ್ರತಿ ಸಲವೂ ಹೆದರಿ ಹೆದರಿ ಒಂಚೂರು ತಳ್ಳುವುದು ಅಂದುಕೊಂಡಿದ್ದಾರಲ್ಲ, ನನಗೆ ತಲೆ ಕೆಡುವುದು ಅಲ್ಲಿ. ಈ ಪರೀಕ್ಷೆ ಮಾಡುವ ಕೋಣೆಗೆ, ನಮ್ಮ ಕ್ಯಾತ್ ಲ್ಯಾಬಿಗೆ, ಹೊಸದಾಗಿ ಬರುವ ಹುಡುಗರೂ ಇದನ್ನೇ ಮಾಡುತ್ತಾರೆ.

ಎಕ್ಸ್‌ರೇಗೆ ರಕ್ತನಾಳ ಕಾಣುವುದಿಲ್ಲ, ಡೈ ಕಾಣುತ್ತದೆ. ಹರಿಯುವ ಕಾಲುವೆಗೆ ಒಂದು ದಂಡೆಯಿಂದ ಅರಿಶಿನದ ನೀರು ಸಣ್ಣಗೆ ಬಿಟ್ಟು ನೋಡಿ. ಬಣ್ಣ ಅದೇ ದಂಡೆ ಹಿಡಿದು ಹೋಗುತ್ತದೆ, ಕಾಲುವೆಯ ಅಗಲ ಗೊತ್ತೇ ಆಗುವುದಿಲ್ಲ. ಹೃದಯದ ಎಡ ನಾಳಕ್ಕೆ ರಕ್ತ ಹೆಚ್ಚಾಗಿ ನುಗ್ಗುವುದು ಹೃದಯ ಸಡಿಲವಾದಾಗ. ಆಗ ಸಿರಿಂಜ್ ಮೇಲಿನ ಕೈ ಸೋತರೆ ಬರೀ ರಕ್ತ ಬಂದು ಬೆರೆಯುತ್ತದೆ. ಚಿತ್ರ ಅಲ್ಲಲ್ಲಿ ಮಸುಕಾಗುತ್ತದೆ. ಇಲ್ಲದ ಬ್ಲಾಕ್ ಇದ್ದಂತೆ ಕಾಣುತ್ತದೆ. ನಾಳದ ಬಾಯಿ ತುಂಬಿ, ಒಂದಿಷ್ಟು ಡೈ ಮಹಾಧಮನಿಗೆ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ವಾಪಸ್ ಚೆಲ್ಲಬೇಕು. ಅದು ದಂಡವಲ್ಲ. ಬಾಯಿಯ ಹತ್ತಿರ ಬ್ಲಾಕ್ ಇದೆಯೋ ಇಲ್ಲವೋ ಎಂದು ಧೈರ್ಯವಾಗಿ ಹೇಳಲು ಆಗುವುದು ಆಗಲೇ. ಎಡಕ್ಕೆ ಸಾಮಾನ್ಯವಾಗಿ 6–8 ಎಂ.ಎಲ್., ಬಲಕ್ಕೆ 4–6, ಎರಡು ಮೂರು ಸೆಕೆಂಡಿನಲ್ಲಿ. ನಾಳ ದೊಡ್ಡದಿದ್ದರೆ ಜಾಸ್ತಿ ಬೇಕಾಗಬಹುದು.

ಹಾಗಂತ ಕಣ್ಣು ಮುಚ್ಚಿ ಒತ್ತುವ ಹಾಗೂ ಇಲ್ಲ. ಮಾನಿಟರ್‌ನಲ್ಲಿ ಒತ್ತಡದ ಅಲೆ ಚಪ್ಪಟೆಯಾದರೆ ಕ್ಯಾತಿಟರ್, ಅಂದರೆ ಡೈ ಬಿಡುವ ಸಪೂರ ನಳಿಗೆಯ ತುದಿ ಎಲ್ಲೋ ಸಿಕ್ಕಿಕೊಂಡಿರಬಹುದು. ಆಗ ತಳ್ಳಿದರೆ ನಾಳದ ಒಳಪದರ ಸೀಳಬಹುದು, ಹೃದಯದ ಬಡಿತವೇ ಕೆಡಬಹುದು. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹೃದಯ ತಜ್ಞ ಡಾ. ಮೇಸನ್ ಸೋನ್ಸ್ ಅವರ ಲ್ಯಾಬಿನಲ್ಲಿ ಮಹಾಧಮನಿಗೆಂದು ಬಿಟ್ಟ ಡೈ ಆಕಸ್ಮಿಕವಾಗಿ ಬಲ ನಾಳಕ್ಕೆ ನುಗ್ಗಿತು. ರೋಗಿಯ ಹೃದಯ ಕೆಲವು ಸೆಕೆಂಡು ನಿಂತೇಹೋಯಿತು. ಜೋರಾಗಿ ಕೆಮ್ಮಿಸಿದ ಮೇಲೆ ಬಡಿತ ಮರಳಿತು. ನಾವು ಇಂದು ಮಾಡುವ ಪರೀಕ್ಷೆ ಶುರುವಾದದ್ದೇ ಅಲ್ಲಿಂದ.

ಅರಸೀಕೆರೆ ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು ಬೇರೆ ಕಡೆ ಮಾಡಿಸಿದ ಆಂಜಿಯೋಗ್ರಾಂನ ಸಿ.ಡಿ. ತಂದಿದ್ದರು. ಸರ್ಕಮ್‌ಫ್ಲೆಕ್ಸ್ ನಾಳ (ಎಡ ನಾಳದ ಒಂದು ಕವಲು) ಬುಡದಲ್ಲೇ ಪೂರ್ತಿ ಬಂದ್ ಎಂದು ರಿಪೋರ್ಟ್. ಆದರೆ ಎಕೋದಲ್ಲಿ (ಹೃದಯದ ಸ್ಕ್ಯಾನ್) ಆ ನಾಳ ರಕ್ತ ಕೊಡುವ ಭಾಗದ ಹೃದಯದ ಗೋಡೆ ಚೆನ್ನಾಗಿ ಆಡುತ್ತಿತ್ತು, ಬೇರೆ ನಾಳಗಳಿಂದ ಅಲ್ಲಿಗೆ ಬಳಸುದಾರಿಯೂ ಬೆಳೆದಿರಲಿಲ್ಲ. ಸಿ.ಡಿ. ನಿಲ್ಲಿಸಿ ನಿಲ್ಲಿಸಿ ನೋಡಿದೆ. ಅವರ ಎಡ ಮುಖ್ಯ ನಾಳ ತೀರಾ ಗಿಡ್ಡ. ಕ್ಯಾತಿಟರ್ ತುದಿ ಅದನ್ನು ದಾಟಿ ಎಲ್‌ಎಡಿ ಎಂಬ ಇನ್ನೊಂದು ಕವಲಿನ ಒಳಗೇ ಹೋಗಿ ಕೂತಿತ್ತು, ಡೈ ಎಲ್ಲ ಅಲ್ಲಿಗೇ ಹೋಗುತ್ತಿತ್ತು. ಮತ್ತೆ ಮಾಡಿದಾಗ ತುದಿಯನ್ನು ಸ್ವಲ್ಪ ಹಿಂದಕ್ಕೆಳೆದು ಒಂದೇ ಸಲ ತುಂಬಿ ತಳ್ಳಿದೆವು. ಸರ್ಕಮ್‌ಫ್ಲೆಕ್ಸ್ ಉದ್ದಕ್ಕೂ ಬಂತು. "ಇಷ್ಟು ದಿನ ಎಲ್ಲಿಗೆ ಹೋಗಿತ್ತು ಸಾರ್ ಅದು?" ಅಂದರು ಯಜಮಾನರು.

ಅರ್ಧಂಬರ್ಧ ಶಾಟ್ ತೆಗೆದರೆ ಮತ್ತೆ ತೆಗೆಯಬೇಕು, ಡೈ ಎರಡರಷ್ಟು. ಉಳಿಸುವ ದಾರಿ ಬೇರೆ ಇದೆ. ಎಕೋ ಚೆನ್ನಾಗಿ ಬಂದಿದ್ದರೆ ಎಡ ಹೃತ್ಕುಕ್ಷಿಗೆ (ಹೃದಯದ ಎಡ ಕೆಳಗಿನ ಕೋಣೆ) ಡೈ ತುಂಬಿ ತೆಗೆಯುವ ಚಿತ್ರ ಬಿಟ್ಟುಬಿಡಬಹುದು, ಅಲ್ಲೇ ಸುಮಾರು 30 ಎಂ.ಎಲ್. ಮಿಕ್ಕುತ್ತದೆ. ಬೇಡದ ಕೋನಗಳನ್ನೂ ಬಿಡಬಹುದು. ನೀವು ಬರುವಾಗ ಕಿಡ್ನಿ ಹೇಗಿದೆ ಎಂದು ಹೇಳುವ ಹಳೆಯ ಕ್ರಿಯಾಟಿನಿನ್ ರಿಪೋರ್ಟ್ ತನ್ನಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಮೊದಲೇ ಹೇಳಿ.